ನೋವಿನ ನೆಂಟರು

ಮೈಗೆ ಜ್ವರ ಬಂದರೆ ನೆರೆಹೊರೆಗೆಲ್ಲ ಹೇಳುತ್ತೇವೆ. ಮನಸ್ಸಿಗೆ ಬೇನೆ ಬಂದರೆ ಮನೆಯವರಿಂದಲೂ ಮುಚ್ಚಿಡುತ್ತೇವೆ. ಹೀಗೆ ಮುಚ್ಚಿಟ್ಟವನು ಎರಡು ದುಃಖಗಳನ್ನು ಹೊರಬೇಕಾಗುತ್ತದೆ. ಒಂದು, ಬೇನೆ, ಇನ್ನೊಂದು, ಇಂಥ ಬೇನೆ ಲೋಕದಲ್ಲಿ ತನಗೊಬ್ಬನಿಗೇ ಬಂದಿದೆ ಎಂಬ ಭಾವನೆ. ಗುಂಪು ಚಿಕಿತ್ಸೆ ಎಂಬ ವಿಧಾನ ಮೊದಲು ಮುಟ್ಟುವುದು ಈ ಎರಡನೆಯ ದುಃಖವನ್ನು.

ಈ ಚಿಕಿತ್ಸೆ ಮೊಳೆತದ್ದು ಮನೋರೋಗಿಗಳ ನಡುವೆ ಅಲ್ಲ, ಕ್ಷಯರೋಗಿಗಳ ನಡುವೆ ಎಂಬುದು ಸೋಜಿಗದ ಸಂಗತಿ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು, ಆರೋಗ್ಯಧಾಮಕ್ಕೆ ಹೋಗಲು ಹಣವಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಂದೆಡೆ ಸೇರಿಸತೊಡಗಿದರು. ಆಗ ಆ ರೋಗಕ್ಕೆ ಮದ್ದಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ವಿಶ್ರಾಂತಿ, ತೆರೆದ ಗಾಳಿ, ಪುಷ್ಟಿಕರ ಆಹಾರ, ಇಷ್ಟೇ ಉಪಾಯ. ರೋಗಿಗಳು ತಮ್ಮ ದಿನಚರಿಯನ್ನು ಬರೆದು ತರಬೇಕಾಗಿತ್ತು. ಒಬ್ಬೊಬ್ಬರಿಗೂ ಹೇಳುವ ಪಥ್ಯವನ್ನು ಎಲ್ಲರಿಗೂ ಒಮ್ಮೆಗೇ ಹೇಳಿಬಿಡಬೇಕೆಂಬುದಷ್ಟೇ ಪ್ರಾಟ್ ಅವರ ಉದ್ದೇಶ. ಆದರೆ ಅವರ ಕಣ್ಣಿಗೆ ಬೇರೊಂದು ಬಿತ್ತು. ಬೇರೆ ಬೇರೆ ಜನಾಂಗದ, ಮತದ ಆ ಜನ ಒಂದೇ ರೋಗದ ನಂಟಿನಿಂದ ಸ್ನೇಹಿತರಾಗಿದ್ದರು. ಒಬ್ಬನ ಚೇತರಿಕೆ ಇನ್ನೊಬ್ಬನಿಗೆ ಧೈರ್ಯವಾಗುತ್ತಿತ್ತು. ಮುಂದೆ 1930ರಲ್ಲಿ ಅವರು, ದೇಹದಲ್ಲಿ ರೋಗ ಕಾಣದಿದ್ದರೂ ನರಳುವವರಿಗಾಗಿ ಅಂಥದೇ ತರಗತಿಯೊಂದನ್ನು ತೆರೆದರು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ಬೀಜ ಇಂಗ್ಲೆಂಡಿನಲ್ಲೂ ಬೇರೂರಿತು. ಬರ್ಮಿಂಗ್‌ಹ್ಯಾಂ ಸಮೀಪದ ನಾರ್ತ್‌ಫೀಲ್ಡ್ ಸೈನಿಕ ಆಸ್ಪತ್ರೆಯಲ್ಲಿ ಮನಸ್ಸು ಮುರಿದ ಯೋಧರ ನಡುವೆ ಬಯಾನ್, ಫೂಕ್ಸ್ ಮೊದಲಾದ ವೈದ್ಯರು ಗುಂಪುಗಳನ್ನು ನಡೆಸಿದರು.

ಈಗ ಸಾಮಾನ್ಯವಾಗಿ ಎಂಟು ಹತ್ತು ಮಂದಿ, ವಾರಕ್ಕೊಮ್ಮೆ, ಸುಮಾರು ಒಂದೂವರೆ ಗಂಟೆ ದುಂಡಾಗಿ ಕುಳಿತು ಮಾತನಾಡುತ್ತಾರೆ. ಚಿಕಿತ್ಸಕರು ಉಪನ್ಯಾಸ ಮಾಡುವುದಿಲ್ಲ. ಮಾತು ದಾರಿ ತಪ್ಪದಂತೆ, ಯಾರೂ ಯಾರನ್ನೂ ಗಾಯಗೊಳಿಸದಂತೆ ನೋಡಿಕೊಳ್ಳುತ್ತಾರೆ. ಅಲ್ಲಿ ಕೇಳಿದ್ದು ಹೊಸ್ತಿಲು ದಾಟಬಾರದು ಎಂಬುದು ಮೊದಲ ಕಟ್ಟಳೆ.

ಬಸ್ಸು ಹತ್ತಲು ಹೆದರುವ ಗುಮಾಸ್ತನೊಬ್ಬನಿದ್ದಾನೆ ಎಂದಿಟ್ಟುಕೊಳ್ಳೋಣ. 'ಹೆದರಬೇಡಿ' ಎಂದು ಹೆಂಡತಿ ನೂರು ಸಲ ಹೇಳಿದ್ದಾಳೆ, ಪ್ರಯೋಜನವಾಗಿಲ್ಲ. ಗುಂಪಿನಲ್ಲಿ ಹೆಂಗಸೊಬ್ಬಳು, 'ನನಗೂ ಎದೆ ಹೀಗೇ ಹೊಡೆದುಕೊಳ್ಳುತ್ತಿತ್ತು. ಮೊದಲ ದಿನ ಒಂದೇ ನಿಲ್ದಾಣ ಹೋಗಿ ಇಳಿದುಬಿಟ್ಟೆ' ಎನ್ನುತ್ತಾಳೆ. ಆ ಮಾತು ಅವನಿಗೆ ನಾಟುತ್ತದೆ. ಅದು ಹಾದಿ ನಡೆದು ಬಂದವರ ಮಾತು. ಕೆಲವು ತಿಂಗಳ ಬಳಿಕ ಹೊಸಬನೊಬ್ಬ ಬಂದು ತಲೆತಗ್ಗಿಸಿ ಕುಳಿತಾಗ, ಈ ಗುಮಾಸ್ತನೇ ತನ್ನ ಕಥೆಯನ್ನು ಹೇಳುತ್ತಾನೆ. ಯಾರಿಗೂ ಬೇಡವಾದವನು ತಾನು ಎಂದುಕೊಂಡಿದ್ದವನು ಇನ್ನೊಬ್ಬರಿಗೆ ಬೇಕಾದವನಾಗುತ್ತಾನೆ. ಈ ಚಿಕಿತ್ಸೆಯ ತಿರುಳು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. 1970ರಲ್ಲಿ ಈ ವಿಷಯದ ಮೇಲೆ ಪ್ರಸಿದ್ಧ ಗ್ರಂಥವನ್ನು ಬರೆದ ಅಮೆರಿಕದ ಮನೋವೈದ್ಯ ಅರ್ವಿನ್ ಯಾಲಮ್ ಅವರೂ, ನೋವು ತನ್ನೊಬ್ಬನದಲ್ಲವೆಂಬ ಅರಿವನ್ನೂ ಪರರಿಗೆ ನೆರವಾಗುವುದನ್ನೂ ಗುಣಪಡಿಸುವ ಅಂಶಗಳಲ್ಲಿ ಎಣಿಸಿದ್ದಾರೆ.

ಹಾಗೆಂದು ಇದು ಸರ್ವರೋಗಕ್ಕೂ ಸಂಜೀವಿನಿಯಲ್ಲ. ಭ್ರಮೆ ಉಲ್ಬಣಿಸಿದವರಿಗೆ, ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿ ಮುಳುಗಿದವರಿಗೆ ಮೊದಲು ಬೇಕಾದುದು ವೈದ್ಯರ ನೇರ ಆರೈಕೆ. ಔಷಧ ಸೇವಿಸುತ್ತಿರುವವರು ಗುಂಪಿಗೆ ಸೇರಿದೆವೆಂದು ಅದನ್ನು ತಾವಾಗಿಯೇ ನಿಲ್ಲಿಸಬಾರದು. ನಾಲ್ವರೆದುರು ಬಾಯಿ ಬಿಡಲಾರದವರಿಗೆ ವೈದ್ಯರೊಡನೆ ಏಕಾಂತದ ಮಾತೇ ಹಿತವಾದೀತು.

ಸಾಹಿತ್ಯವನ್ನು ಓದುವ ನಮಗೆ ಈ ಅನುಭವ ತೀರ ಅಪರಿಚಿತವಲ್ಲ. ಯಾವುದೋ ಕಾದಂಬರಿಯ ಪಾತ್ರದಲ್ಲಿ ನಮ್ಮದೇ ಸಂಕಟವನ್ನು ಕಂಡು ಹಗುರವಾಗಿದ್ದೇವೆ. ಆದರೆ ಪುಸ್ತಕಕ್ಕೆ ನಮ್ಮ ಮಾತು ಕೇಳಿಸದು. ಗುಂಪಿನಲ್ಲಿ ಎದುರು ಕುಳಿತವರು ಕೇಳುತ್ತಾರೆ, ಮರುನುಡಿಯುತ್ತಾರೆ. ನಮ್ಮ ಮನೆಯಲ್ಲೇ ಯಾರಾದರೂ ಮೂಲೆ ಹಿಡಿದು ಕುಳಿತಿದ್ದರೆ, 'ಜನ ಏನೆಂದಾರು' ಎಂದು ಬಾಗಿಲು ಮುಚ್ಚುವ ಬದಲು ಅವರನ್ನು ಮನೋವೈದ್ಯರ ಬಳಿಗೆ ಕರೆದೊಯ್ಯೋಣ. ಅವರ ನೋವಿನ ನೆಂಟರು ಅಲ್ಲಿ ಇದ್ದಾರು.