ಬಾನುಲಿಯ ಗಾಜಿನ ಗೋಡೆಯ ಹಿಂದೆ

ಬೋರ್ಡೋ ದ್ರಾವಣದ ಅಳತೆಯನ್ನು ರೇಡಿಯೋದಲ್ಲಿ ಕೇಳಿ ಬರೆದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಆ ಮಾತು ಎಲ್ಲಿಂದ, ಹೇಗೆ ಹೊರಡುತ್ತದೆಂದು ನೋಡುವ ಅವಕಾಶ ಕಳೆದ ಏಪ್ರಿಲಿನಲ್ಲಿ ನಮ್ಮ ಸಂಘದ ಹನ್ನೆರಡು ಮಂದಿ ಸದಸ್ಯರಿಗೆ ಒದಗಿತು. ನಾವು ಹೋದದ್ದು ಭದ್ರಾವತಿ ಆಕಾಶವಾಣಿಗೆ. ಮಲೆನಾಡಿಗೆ 1965ರಿಂದ ಪರಿಚಿತವಾದ ದನಿ ಅದು.

ಸ್ಟುಡಿಯೋಕ್ಕೆ ಒಂದರ ಹಿಂದೊಂದು ಎರಡು ಭಾರಿ ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಹೊರಗಿನ ಲಾರಿಯ ಸದ್ದು ನಡುವಿನ ಕಿರುಕೋಣೆಯಲ್ಲೇ ಉಳಿಯುತ್ತದೆ. ಗೋಡೆಗೆಲ್ಲ ತೂತಿನ ಹಲಗೆ. ಚಪ್ಪಾಳೆ ತಟ್ಟಿದರೆ ಮಾರ್ದನಿಯೇ ಇಲ್ಲ. "ಜಡಿಮಳೆ ಒಮ್ಮೆಲೇ ನಿಂತ ಹಾಗಾಯ್ತಲ್ಲ ಮಾರಾಯ್ರೆ" ಎಂದರು ನಮ್ಮೊಡನಿದ್ದ ಹಿರಿಯರೊಬ್ಬರು.

ಅಂದು ಅಡಿಕೆಯ ಕೊಳೆರೋಗದ ಬಗ್ಗೆ ಭಾಷಣದ ಧ್ವನಿಮುದ್ರಣವಿತ್ತು. ಭಾಷಣಕಾರರು ಮೈಕಿನಿಂದ ಗೇಣು ದೂರದಲ್ಲಿ ಕುಳಿತರು. ಹಾಳೆಗಳಿಗೆ ಪಿನ್ನು ಹಾಕುವಂತಿಲ್ಲ. ಓದಿ ಮುಗಿದದ್ದನ್ನು ಮಗುಚದೆ ಮೆಲ್ಲಗೆ ಬದಿಗೆ ಸರಿಸಬೇಕು. ಕೆಂಪು ದೀಪ ಹೊತ್ತಿತು. ಗಾಜಿನ ಈಚೆ ನಾವು ಉಸಿರು ಬಿಗಿಹಿಡಿದು ನಿಂತೆವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎನ್ನುವಲ್ಲಿಗೆ ಸರಿಯಾಗಿ ಹಾಳೆ ಸರಕ್ಕೆಂದಿತು. ಕಾರ್ಯಕ್ರಮ ನಡೆಸುವವರು ಕೂಡಲೇ ತಡೆದರು. ಸುಣ್ಣ ಕಡಿಮೆಯಾದರೆ ಎಳೆಕಾಯಿ ಸುಟ್ಟೀತು, ಮೈಲುತುತ್ತ ಕಡಿಮೆಯಾದರೆ ರೋಗ ನಿಲ್ಲದು. ಕೇಳುವವನು ಮರಳಿ ಕೇಳುವಂತಿಲ್ಲವಲ್ಲ ಎಂದು, ಆ ಅಳತೆಯನ್ನು ನಿಧಾನವಾಗಿ ಎರಡೆರಡು ಸಲ ಹೇಳಿಸಿದರು. ಇಷ್ಟು ಕಾಳಜಿ ನಮ್ಮಲ್ಲಿ ಔಷಧಿ ಕಲಸುವಾಗ ಇದೆಯೇ ಎಂದು ಯಾರೋ ಪಿಸುಗುಟ್ಟಿದರು.

ಹಿಂದೆ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದರಂತೆ. ಈಗ ಮಾತು ಕಂಪ್ಯೂಟರಿನ ಪರದೆಯ ಮೇಲೆ ಗುಡ್ಡಸಾಲಿನಂತೆ ಕಾಣುತ್ತದೆ. ಕೆಮ್ಮು ಎಲ್ಲಿದೆಯೆಂದು ಕಣ್ಣಿಗೇ ತಿಳಿಯುತ್ತದೆ. ಮಧ್ಯಮ ತರಂಗದ ಕಂಬದ ಬುಡದಲ್ಲಿ ಸುತ್ತಲೂ ತಾಮ್ರದ ತಂತಿಗಳನ್ನು ಬೇರಿನಂತೆ ನೆಲದಲ್ಲಿ ಹೂಳುವ ಕ್ರಮವನ್ನೂ ವಿವರಿಸಿದರು. ತೋಟಕ್ಕೂ ತಾಮ್ರ, ರೇಡಿಯೋಕ್ಕೂ ತಾಮ್ರ!

ನಮಗೆ ಮುಖ್ಯವೆನಿಸಿದ್ದು ಬೇರೆ. ಆಕಾಶವಾಣಿಯ ಕಾರ್ಯಕ್ರಮಗಳನ್ನು ಮೂರು ತಿಂಗಳಿಗಾಗುವಷ್ಟು ಮುಂಚೆಯೇ ಗೊತ್ತುಮಾಡುತ್ತಾರೆ. ನಮ್ಮ ಮೊದಲ ಸಿಂಪಡಣೆಯಾದರೋ ಮುಂಗಾರು ಹಿಡಿಯುವ ಮೊದಲೇ ಮುಗಿಯಬೇಕು, ಎರಡನೆಯದು 40-45 ದಿನಕ್ಕೆ. ಕಾಯಿ ಉದುರತೊಡಗಿದ ಮೇಲೆ ಜುಲೈಯಲ್ಲಿ ಪತ್ರ ಬರೆದರೆ, ಉತ್ತರ ಬರುವಷ್ಟರಲ್ಲಿ ಗೊನೆ ಬೋಳಾಗಿರುತ್ತದೆ. ಕಾಫಿಯ ಕಾಯಿಕೊರಕದ ವಿಷಯವೂ ಹಾಗೆಯೇ. ಕೊಯ್ಲಿಗೆ ಬಹಳ ಮೊದಲೇ ಕೇಳಬೇಕು.

ಸದಸ್ಯರು ತಮ್ಮ ಪ್ರಶ್ನೆಗಳನ್ನು, ತೋಟದ ಊರು ಮತ್ತು ಬೆಳೆಯ ವಯಸ್ಸಿನೊಂದಿಗೆ ಬರೆದು ಸಂಘದ ಕಚೇರಿಗೆ ಕೊಟ್ಟರೆ, ಒಟ್ಟು ಸೇರಿಸಿ ಕೇಂದ್ರಕ್ಕೆ ಕಳುಹಿಸುತ್ತೇವೆ.