ಕೆಲವರು, ಕೆಲವರೇ

ಈಚೆಗೆ ನಮ್ಮ ಮನೆಯ ಹುಡುಗ ತನ್ನ ಓಣಿಯನ್ನು ಕುರಿತು ಶಾಲೆಗೆಂದು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದ. ‘ಫ್ಯೂ ಕನ್ನಡ ಫ್ಯಾಮಿಲೀಸ್ ಲಿವ್ ಹಿಯರ್’ ಎಂಬುದು ಅದರಲ್ಲೊಂದು ವಾಕ್ಯ. ಅದನ್ನೋದಿದ ಶಿಕ್ಷಕಿಯವರು ಮರುದಿನ ಅವನ ತಾಯಿಯನ್ನು ಕಂಡು, “ನಿಮಗೆ ಮಾತಿಗೂ ಜನ ಇಲ್ಲವೇನೋ, ಪಾಪ!” ಎಂದು ಕನಿಕರಪಟ್ಟರಂತೆ. ನಮ್ಮ ಓಣಿಯಲ್ಲಿ ಕನ್ನಡದ ಮನೆಗಳು ಐದು. ನೀರಿಗೆ ಬರ ಬಂದೀತು, ಮಾತಿಗೆ ಬಂದದ್ದಿಲ್ಲ. ತಪ್ಪಿದ್ದು ಒಂದೇ ಅಕ್ಷರ: ‘ಫ್ಯೂ’ಗೆ ಮೊದಲು ಒಂದು ‘ಎ’ ಇರಬೇಕಿತ್ತು.

ಈ ‘ಎ’ ಓದುಗರ ಮನೆಗಳಲ್ಲಿಯೂ ಮಕ್ಕಳನ್ನು ಕಾಡಿರಬೇಕು. ಆದರೆ ಅದು ಮಾಡುವ ಕೆಲಸ ನಮಗೆ ಹೊಸದಲ್ಲ. ‘ಕೆಲವರು ಬಂದರು’ ಎಂದರೆ ನಮ್ಮ ಕಣ್ಣು ಬಂದವರ ಕಡೆ. ‘ಕೆಲವರೇ ಬಂದರು’ ಎಂದರೆ ಖಾಲಿ ಕುರ್ಚಿಗಳ ಕಡೆ. ಎಣಿಸಿದರೆ ಎರಡರಲ್ಲಿಯೂ ಹತ್ತೇ ಜನ ಇದ್ದಾರು. ನಾವು ‘ಏ’ ಸೇರಿಸಿ ಕೊರತೆ ತೋರಿಸುತ್ತೇವೆ, ಇಂಗ್ಲಿಷಿನವರು ‘ಎ’ ತೆಗೆದು ತೋರಿಸುತ್ತಾರೆ. ಎಣಿಸಲಾಗದ ವಸ್ತುಗಳಿಗೆ ‘ಎ ಲಿಟ್ಲ್’, ‘ಲಿಟ್ಲ್’ ಎಂಬ ಜೋಡಿಯೂ ಹೀಗೆಯೇ. ‘ಸ್ವಲ್ಪ ಹಾಲಿದೆ’ ಎಂದರೆ ಅತಿಥಿಗೆ ಚಹ ಉಂಟು. ‘ಸ್ವಲ್ಪವೇ ಹಾಲಿದೆ’ ಎಂದರೆ ಅತಿಥಿ ಏಳುವುದು ಲೇಸು.

‘ಸ್ಕೇರ್ಸ್’, ‘ಸ್ಪಾರ್ಸ್’ ಎರಡಕ್ಕೂ ‘ವಿರಳ’ ಎಂದು ಹೇಳಿ ಕಲಸಿಬಿಡುವುದುಂಟು. ಬೇಕಾದಷ್ಟು ಸಿಕ್ಕದಿರುವುದು ‘ಸ್ಕೇರ್ಸ್’: ಬೇಸಿಗೆಯ ನೀರು. ಒತ್ತಾಗಿಲ್ಲದೆ ಬಿಡಿಬಿಡಿಯಾಗಿ ಹರಡಿರುವುದು ‘ಸ್ಪಾರ್ಸ್’: ನಮ್ಮ ತಲೆಗೂದಲು. ಅದನ್ನು ‘ಸ್ಕೇರ್ಸ್’ ಎನ್ನಲಾಗದು. ಬೇಕೆಂದು ಕೇಳಿ ಬಂದವರು ಯಾರು?

ಹರಡಿರುವುದನ್ನು ಅಳೆದು ಹೇಳುವ ಇಂಗ್ಲಿಷಿಗೆ ನಮ್ಮ ಪುಣೆಯೇ ಒಂದು ನೆಲೆ. 1928ರಲ್ಲಿ ಹವಾಮಾನ ಇಲಾಖೆಯ ಮುಖ್ಯ ಕಚೇರಿ ಸಿಮ್ಲಾದಿಂದ ಇಲ್ಲಿಗೆ ಬಂತು. 1944ರಲ್ಲಿ ಅದು ದೆಹಲಿಗೆ ಹೋದರೂ ಶಿವಾಜಿನಗರದ ಆ ಕಟ್ಟಡ ಜನರ ಬಾಯಲ್ಲಿ ಇಂದಿಗೂ ಸಿಮ್ಲಾ ಆಫೀಸೇ. ಈ ಇಲಾಖೆಯ ಭಾಷೆಯಲ್ಲಿ, ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗಿನ ಕಡೆ ಮಳೆಯಾದರೆ ‘ಐಸೊಲೇಟೆಡ್’. 26ರಿಂದ 50ರವರೆಗಾದರೆ ‘ಸ್ಕ್ಯಾಟರ್ಡ್’. ಮೊದಲನೆಯದಕ್ಕೆ ಮರಾಠಿಯವರು ‘ತುರಳಕ’ ಎನ್ನುತ್ತಾರೆ. ನಾವು ‘ಅಲ್ಲೊಂದು ಇಲ್ಲೊಂದು ಕಡೆ’ ಎಂದೇವು.

ಪ್ರಬಂಧವನ್ನು ತಿದ್ದುತ್ತ ಕುಳಿತ ಹುಡುಗ ಇದನ್ನು ಕೇಳಿ, “ಹಾಗಾದರೆ ಅಪ್ಪಾ, ನಾವು ಐಸೊಲೇಟೆಡ್ಡೋ ಸ್ಕ್ಯಾಟರ್ಡ್ಡೋ?” ಎಂದ. ಓಣಿಯ ಮನೆಗಳನ್ನು ಎಣಿಸಿದೆವು: 32ರಲ್ಲಿ 5. ಲೆಕ್ಕಕ್ಕೆ ‘ಐಸೊಲೇಟೆಡ್’ ಎಂದೇ ಬಂತು. ಆ ಶಬ್ದ ಬೇಡವೇ ಬೇಡ ಎಂದರು ಅವನ ತಾಯಿ. ‘ಎ ಫ್ಯೂ’ ಎಂದೇ ಬರೆದ.