ಕವಚ ತೊಟ್ಟ ಆನೆಯಿಂದ ಉಕ್ಕಿನ ದೈತ್ಯನವರೆಗೆ: ಬಲಕ್ಕೆ ಬೆಲೆ ಕಟ್ಟುವ ಆಟಗಳು

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ವಡಗೇರಾ ಸೀಮೆಯಿಂದ ಹೊಳೆ ದಾಟಿದರೆ ರಾಯಚೂರು. 1520ರಲ್ಲಿ ಆ ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಘೋರ ಯುದ್ಧ ನಡೆಯಿತು. ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟ ಲೆಕ್ಕದಂತೆ ರಾಯನ ಸೈನ್ಯದಲ್ಲಿದ್ದ ಆನೆಗಳು 551. ಬೆನ್ನ ಮೇಲೆ ಅಂಬಾರಿ, ಅದರಲ್ಲಿ ಸೈನಿಕರು, ದಂತಗಳಿಗೆ ಕಟ್ಟಿದ ಹರಿತವಾದ ಅಲಗು. ಇಂಥ ಆನೆ ಅಂದಿನ ನಡೆದಾಡುವ ಕೋಟೆಯೇ ಸರಿ.

ಆದರೆ ಈ ಕೋಟೆಗೆ ಒಂದು ದೋಷವಿತ್ತು: ಬೆದರಿದರೆ ಅದು ಯಾರ ಮಾತನ್ನೂ ಕೇಳದು. 1565ರ ಜನವರಿಯಲ್ಲಿ ಇದೇ ಕೃಷ್ಣೆಯ ದಂಡೆಯಲ್ಲಿ ವಿಜಯನಗರದ ಭಾಗ್ಯ ಮಗುಚಿ ಬಿದ್ದಾಗ ಅದರ ಹಿಂದೆಯೂ ಒಂದು ಆನೆಯಿತ್ತು. ಎದುರಾಳಿಗಳ ಆನೆಯೊಂದು ನುಗ್ಗಿ ಬಂದಾಗ ಬೋಯಿಗಳು ಪಲ್ಲಕ್ಕಿಯನ್ನು ಕೆಡವಿ ಓಡಿದರು, ಅಳಿಯ ರಾಮರಾಯ ಸೆರೆ ಸಿಕ್ಕ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಒಂದು ಪ್ರಾಣಿಯ ಓಟ ಒಂದು ಸಾಮ್ರಾಜ್ಯದ ಲೆಕ್ಕವನ್ನೇ ತಪ್ಪಿಸಿತು.

ಯುದ್ಧವನ್ನು ಆಟದ ಹಲಗೆಗೆ ಇಳಿಸಿದವರಿಗೆ ಆಗಿನಿಂದ ಈಗಿನವರೆಗೂ ಕಾಡಿದ ಪ್ರಶ್ನೆ ಇದೇ. ಎಲ್ಲರಿಗಿಂತ ಬಲಶಾಲಿಯಾದ ಒಂದು ಕಾಯಿಯನ್ನು ಆಟದಲ್ಲಿ ಇಡಬೇಕು. ಆದರೂ ಆಟ ಕೆಡಬಾರದು. ಹೇಗೆ?

ಆನೆಯ ನಡೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಆರಂಭದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ರಾಜನಾದವನಿಗೆ ತಿಳಿದಿರಬೇಕಾದುದೆಲ್ಲವನ್ನೂ ನೂರು ಅಧ್ಯಾಯಗಳಲ್ಲಿ ಹೇಳುವ ಈ ಗ್ರಂಥದಲ್ಲಿ ಆನೆಗಳ ವಿಚಾರವೂ ಉಂಟು, ಚದುರಂಗದ ವಿಚಾರವೂ ಉಂಟು. ರಣರಂಗದ ಆನೆ ಮತ್ತು ಹಲಗೆಯ ಆನೆ ಒಂದೇ ಅರಮನೆಯ ಎರಡು ಅಂಗಳಗಳಲ್ಲಿದ್ದವು ಎನ್ನಬಹುದು.

ಚದುರಂಗದ ಕಾಯಿಗಳಲ್ಲಿ ರಾಜ, ಕುದುರೆ, ಪದಾತಿಗಳ ನಡೆ ಬಹುಮಟ್ಟಿಗೆ ಹಳೆಯದೇ. ಆನೆಯ ನಡೆ ಮಾತ್ರ ದೇಶ ಕಾಲಗಳಿಗೆ ತಕ್ಕಂತೆ ಬದಲಾಯಿತು. ಪಂಜಾಬಿನ ಕಡೆಯ ಆಟವನ್ನು ಸುಮಾರು 1030ರಲ್ಲಿ ದಾಖಲಿಸಿದ ಅಲ್ ಬಿರೂನಿಯ ಪ್ರಕಾರ ಆನೆ ಮುಂದಕ್ಕೆ ಒಂದು ಮನೆ ಅಥವಾ ನಾಲ್ಕು ಮೂಲೆಗಳಿಗೆ ಒಂದು ಮನೆ ಸಾಗುತ್ತಿತ್ತು. ಒಂದು ಸೊಂಡಿಲು, ನಾಲ್ಕು ಕಾಲು ಎಂಬ ಲೆಕ್ಕ. ಅರಬರ ಶತ್ರಂಜ್‌ನಲ್ಲಿ ಅದು ಓರೆಯಾಗಿ ಎರಡನೆಯ ಮನೆಗೆ ಹಾರುತ್ತಿತ್ತು. ನಡುವೆ ಯಾರಿದ್ದರೂ ಲೆಕ್ಕಿಸುತ್ತಿರಲಿಲ್ಲ. ಆದರೆ ಈ ನಿಯಮದಂತೆ ಒಂದು ಆನೆ 64 ಮನೆಗಳಲ್ಲಿ ಮುಟ್ಟಬಹುದಾದದ್ದು ಎಂಟೇ ಎಂಟು. ಅಡ್ಡ ಬಂದವರನ್ನು ದಾಟುವ ಶಕ್ತಿ ಕೊಟ್ಟು, ಅಲೆದಾಡುವ ಸ್ವಾತಂತ್ರ್ಯವನ್ನು ಕಿತ್ತುಕೊಂಡ ನಿಯಮವಿದು. ಇಂದು ನಮ್ಮಲ್ಲಿ ಆನೆ ಎಂದು ಕರೆಯುವ ಕಾಯಿ ಮೂಲೆಯಲ್ಲಿ ನಿಂತು ನೇರವಾಗಿ ಎಷ್ಟು ದೂರ ಬೇಕಾದರೂ ಸಾಗುತ್ತದೆ, ಆದರೆ ಎದುರಿಗೆ ಪದಾತಿ ನಿಂತರೂ ಅದನ್ನು ಹಾರಲಾರದು.

ಹಳ್ಳಿಯ ಕಟ್ಟೆಗಳ ಮೇಲಿನ ಹುಲಿ–ಕುರಿ ಆಟ ಇದೇ ಪ್ರಶ್ನೆಗೆ ಇನ್ನೊಂದು ಉತ್ತರ. ಒಂದು ಕಡೆ ಸಾಮಾನ್ಯವಾಗಿ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ತಿನ್ನುತ್ತದೆ. ಕುರಿಗೆ ತಿನ್ನುವ ಅಧಿಕಾರವಿಲ್ಲ. ಆದರೂ ಕುರಿಗಳು ಸಾಲುಗಟ್ಟಿ ನಿಂತರೆ ಹುಲಿಗೆ ಕಾಲಿಡಲು ಜಾಗವಿರದು. ಇಲ್ಲಿ ಬಲಕ್ಕೆ ಎದುರಾಗಿ ನಿಲ್ಲುವುದು ಒಗ್ಗಟ್ಟು.

ಉಕ್ಕಿನ ದೈತ್ಯ

20ನೆಯ ಶತಮಾನದಲ್ಲಿ ಆನೆಯ ಜಾಗಕ್ಕೆ ಯಂತ್ರ ಬಂತು. ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1959ರ 'ಸ್ಟಾರ್‌ಶಿಪ್ ಟ್ರೂಪರ್ಸ್' ಕಾದಂಬರಿಯಲ್ಲಿ ಸೈನಿಕನ ಮೈಗೆ ಯಂತ್ರಬಲದ ಕವಚ ತೊಡಿಸಿದ. ಕೈಯೆತ್ತಿದರೆ ಕವಚವೂ ಕೈಯೆತ್ತುತ್ತದೆ, ಆದರೆ ಹಲವು ಪಟ್ಟು ಬಲದಿಂದ. ಜಪಾನಿನಲ್ಲಿ 1979ರ 'ಗುಂಡಮ್' ಟಿವಿ ಸರಣಿ ಈ ಕವಚವನ್ನು ಮಹಡಿ ಮನೆಯಷ್ಟು ಎತ್ತರಕ್ಕೆ ಬೆಳೆಸಿತು. ಮನುಷ್ಯ ಒಳಗೆ ಕುಳಿತು ನಡೆಸುವ ಇಂಥ ಯಂತ್ರಕ್ಕೆ 'ಮೆಕ್' ಎಂದು ಹೆಸರು. ಅಂಬಾರಿಯ ಯೋಧ ಆನೆಯ ಹೊಟ್ಟೆಯೊಳಗೇ ಇಳಿದು ಕುಳಿತಂತೆ!

ಇದೇ ವೇಳೆಗೆ, 1974ರಲ್ಲಿ, ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾಗಿ ಪಾತ್ರಾಭಿನಯದ ಆಟಗಳು ಹುಟ್ಟಿದ್ದವು. ನಾಲ್ಕೈದು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಸಂದೇಹ ಬಂದಲ್ಲಿ ದಾಳ ತೀರ್ಮಾನಿಸುತ್ತದೆ. ಇಲ್ಲಿ ಕವಚವನ್ನು ಅಂಕಿಗೆ ಇಳಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಕವಚವಿದ್ದವನಿಗೆ ಏಟು ತಗಲುವುದೇ ಕಷ್ಟ. ಇದು 'ಡಂಜನ್ಸ್' ಆಟದ ಕ್ರಮ. ಎರಡನೆಯದರಲ್ಲಿ ಏಟು ತಗಲುತ್ತದೆ, ಆದರೆ ಗಾಯದ ಲೆಕ್ಕದಿಂದ ಕವಚ ಒಂದಷ್ಟನ್ನು ಕಳೆಯುತ್ತದೆ. ಇದು 1978ರ 'ರೂನ್‌ಕ್ವೆಸ್ಟ್' ಕ್ರಮ.

ಯಂತ್ರ ಬಂದಾಗ ಈ ಎರಡೂ ದಾರಿಗಳು ತಡವರಿಸಿದವು. ಪಿಸ್ತೂಲಿನ ಗುಂಡಿಗೂ ಯಂತ್ರದ ಫಿರಂಗಿಗೂ ಒಂದೇ ಅಳತೆಗೋಲು ಹಿಡಿಯುವುದು ಹೇಗೆ? ಪಲ್ಲಾಡಿಯಂ ಸಂಸ್ಥೆ 1986ರ 'ರೋಬೋಟೆಕ್' ಆಟದಲ್ಲಿ ಎರಡು ಅಳತೆಗಳನ್ನೇ ಮಾಡಿತು. ಯಂತ್ರದ ಒಂದು ಗಾಯ ಮನುಷ್ಯನ ನೂರು ಗಾಯಗಳಿಗೆ ಸಮ. ಲೆಕ್ಕ ಸುಲಭವಾಯಿತು ನಿಜ. ಆದರೆ ಕವಚವಿಲ್ಲದವನ ಪಾಡು ಆನೆ ಕಾಲಿನಡಿಯ ಇರುವೆಯದಾಯಿತು.

ಶಾಖದ ಲೆಕ್ಕ

ಬಲಕ್ಕೆ ಬೆಲೆ ಕಟ್ಟುವ ಜಾಣ ಉಪಾಯ ಬಂದದ್ದು 1984ರಲ್ಲಿ, 'ಬ್ಯಾಟಲ್‌ಟೆಕ್' ಎಂಬ ಹಲಗೆಯಾಟದಲ್ಲಿ. 20ರಿಂದ 100 ಟನ್ ತೂಕದ ಮೆಕ್‌ಗಳ ಕಾಳಗವಿದು. ಆ ತೂಕದೊಳಗೇ ಎಂಜಿನ್, ಕವಚ, ಆಯುಧ ಎಲ್ಲವೂ ಹಿಡಿಸಬೇಕು. ಕವಚ ಹೆಚ್ಚಿಸಿದರೆ ಆಯುಧ ಕಡಿಮೆ, ವೇಗ ಹೆಚ್ಚಿಸಿದರೆ ಕವಚ ಕಡಿಮೆ. ಬಡ ಸಂಸಾರದ ಸಂತೆಯ ಚೀಲದಂಥ ಲೆಕ್ಕ.

ಇದಕ್ಕಿಂತ ಮುಖ್ಯವಾದದ್ದು ಶಾಖದ ನಿಯಮ. ಯಂತ್ರ ಓಡಿದರೆ 2 ಅಂಕ ಶಾಖ. ದೊಡ್ಡ ಕಣ-ಫಿರಂಗಿಯೊಂದನ್ನು ಹಾರಿಸಿದರೆ 10. ಶಾಖವನ್ನು ಹೊರಹಾಕುವ ಹತ್ತು ಸಾಧನಗಳಿದ್ದರೆ ಪ್ರತಿ ಸರದಿಗೆ 10 ಅಂಕ ತಣಿಯುತ್ತದೆ. ಓಡುತ್ತಾ ಎರಡು ಫಿರಂಗಿ ಹಾರಿಸಿದ ಆಟಗಾರನ ಲೆಕ್ಕ ನೋಡಿ: 22 ಅಂಕ ಹುಟ್ಟಿತು, 10 ತಣಿಯಿತು, 12 ಉಳಿಯಿತು. ಆಗಲೇ ಯಂತ್ರ ನಿಧಾನವಾಗುತ್ತದೆ, ಗುರಿ ತಪ್ಪತೊಡಗುತ್ತದೆ. ಮರುಸರದಿಯಲ್ಲೂ ಹಾಗೆಯೇ ಮಾಡಿದರೆ 24. ಇನ್ನೊಮ್ಮೆ ಮಾಡಿದರೆ 36. ಆದರೆ 30ಕ್ಕೇ ಯಂತ್ರ ತಾನಾಗಿ ನಿಂತುಬಿಡುತ್ತದೆ. ರಣದ ನಡುವೆ ನಿಂತ ಉಕ್ಕಿನ ದೈತ್ಯ ಎದುರಾಳಿಗೆ ಸುಲಭದ ತುತ್ತು. 2019ರ 'ಲ್ಯಾನ್ಸರ್' ಆಟದಲ್ಲೂ ಶಾಖದ ಮಿತಿಯ ಇದೇ ತತ್ತ್ವ ಮುಂದುವರಿದಿದೆ.

ಹಳೆಯ ಆನೆಯ ಮದ ಮತ್ತು ಹೊಸ ಯಂತ್ರದ ಶಾಖ ಆಟದ ದೃಷ್ಟಿಯಲ್ಲಿ ಅಣ್ಣತಮ್ಮಂದಿರು. ಬಲಶಾಲಿಯನ್ನು ಸೋಲಿಸಲು ಅವನಿಗಿಂತ ಬಲಶಾಲಿಯೇ ಬೇಕೆಂದಿಲ್ಲ. ಅವನ ಬಲವೇ ಅವನಿಗೆ ಭಾರವಾಗುವಂತೆ ನಿಯಮವಿದ್ದರೆ ಸಾಕು. ನಿಯಮವಿಲ್ಲದ ಬಲ ಆಟವನ್ನು ಮೊದಲ ಸರದಿಯಲ್ಲೇ ಮುಗಿಸಿಬಿಡುತ್ತದೆ. ಆಮೇಲೆ ಎದುರು ಕೂರಲು ಯಾರೂ ಬರುವುದಿಲ್ಲ.

ಉಳಿಯುವುದು ಯಾವುದು?

ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಮೆಕ್‌ಗಳ ನಿಯಮಗಳು ನೂರಾರು ಪುಟಗಳ ಅಚ್ಚಾದ ಪುಸ್ತಕಗಳಲ್ಲಿವೆ. ನಮ್ಮ ಹಳ್ಳಿಯಾಟಗಳ ನಿಯಮಗಳು ಬಾಯಿಂದ ಬಾಯಿಗೆ ಬಂದವು. ಹಂಪಿಯ ಕಲ್ಲು ಹಾಸುಗಳ ಮೇಲೆ ಆಟದ ಮನೆಗಳನ್ನು ಇಂದಿಗೂ ಕಾಣಬಹುದು. ಕಲ್ಲಿನಲ್ಲಿ ಕೊರೆದ ಗೆರೆ ಶತಮಾನ ತಾಳುತ್ತದೆ. ಆದರೆ ಯಾವ ಕಾಯಿ ಎಲ್ಲಿಗೆ ನಡೆಯಬೇಕು, ಯಾರು ಯಾವಾಗ ಸೋತಂತೆ ಎಂಬುದನ್ನು ಆ ಗೆರೆ ಹೇಳಲಾರದು. ಅದನ್ನು ಬಲ್ಲವರು ಅಗಸೆ ಕಟ್ಟೆಯ ಹಿರಿಯರು. ಒಂದು ಊರಿನ ಹುಲಿ–ಕುರಿ ಇನ್ನೊಂದು ಊರಿನದರಂತೆ ಇರುವುದಿಲ್ಲವಾದ್ದರಿಂದ ಪ್ರತಿ ಊರಿನ ನಿಯಮವೂ ಒಂದು ದಾಖಲೆಯೇ. ಶಾಲೆಯ ಮಕ್ಕಳು ಒಂದು ನೋಟ್‌ಪುಸ್ತಕ ಹಿಡಿದು ಅಜ್ಜನ ಎದುರು ಕುಳಿತು ಎರಡು ಆಟ ಸೋತು ಬಂದರೂ ಸಾಕು, ಆ ಊರಿನ ನಿಯಮ ಉಳಿದೀತು.